99 ಕಾರುಗಳು ಕಣ್ಮರೆಯಾಗುವ ಬಗೆ

ಚಿಕ್ಕಮಗಳೂರಿನವರಿಗೆ ಮಾರುತಿ ಜಿಪ್ಸಿಯ ಪರಿಚಯ ಮಾಡಿಕೊಡಬೇಕಿಲ್ಲ. ಕಾಫಿ ತೋಟದ ರ‍್ಯಾಲಿಗೆ ಒಮ್ಮೆಯೂ ಹೋಗದವರಿಗೂ ಅದರ ಸದ್ದು ಗೊತ್ತು. ಆದರೆ ಟಿಯಾಗೋ ಜೆಟಿಪಿ ಎಂದರೆ ‘ಅದ್ಯಾವುದು?’ ಎನ್ನುತ್ತಾರೆ. ಟಾಟಾ ಮೋಟಾರ್ಸ್ ಮತ್ತು ಕೊಯಮತ್ತೂರಿನ ಜಯೆಮ್ ಸಂಸ್ಥೆ ಸೇರಿ 2018ರಲ್ಲಿ ತಂದ, 114 ಪಿಎಸ್ ಶಕ್ತಿಯ ಟರ್ಬೊ ಕಾರು ಅದು. 2020ರಲ್ಲಿ ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್6 ಬಂದಾಗ ಅದರ ತಯಾರಿಕೆ ನಿಂತುಹೋಯಿತು. ರಿಪೇರಿ ಮಾಡಿದವರು, ಕೊಂಡು ಮಾರಿದವರು, ನೆಂಟರದ್ದನ್ನು ಕೇಳಿ ಓಡಿಸಿದವರು ಊರೂರಲ್ಲಿ ಇದ್ದರೆ ಕಾರು ಜನರ ಮಾತಿನಲ್ಲಿ ಉಳಿಯುತ್ತದೆ. ಬೆರಳೆಣಿಕೆಯಷ್ಟು ತಯಾರಾದ ಕಾರಿಗೆ ಅಂಥ ಬಳಗ ಹುಟ್ಟುವುದೇ ಇಲ್ಲ.

ಮೇಲಾಗಿ ಇಂಥ ಅಪರೂಪದ ಕಾರುಗಳ ಮೈಕಟ್ಟು ಹೆಚ್ಚುಕಡಿಮೆ ಸಾಮಾನ್ಯ ಕಾರಿನದೇ. ಘಾಟಿಯಲ್ಲಿ ಮೂತಿ ಜಜ್ಜಿದ ಜೆಟಿಪಿಗೆ ಅದರದೇ ಬಾನೆಟ್, ಬಂಪರ್ ಸಿಗದೆ ಮಾಮೂಲಿ ಟಿಯಾಗೋದ್ದನ್ನು ಕೂರಿಸಿದರೆ, ಆಮೇಲೆ ರಸ್ತೆಯಲ್ಲಿ ಅದನ್ನು ಗುರುತಿಸುವವರಿಲ್ಲ. ಸಚಿನ್ ತೆಂಡೂಲ್ಕರ್ ಸಹಿಯ ಫಿಯೆಟ್ ಪಾಲಿಯೋ ಎಸ್10 ಕೆಲವರಿಗೆ ಇನ್ನೂ ನೆನಪಿದೆ, ಅದರೊಳಗಿದ್ದ 1.6 ಲೀಟರ್ ಎಂಜಿನ್ ಯಾರಿಗೂ ನೆನಪಿಲ್ಲ.

ಆದರೆ ಕಾರುಗಳನ್ನು ನಿಜವಾಗಿ ಗುಜರಿಗೆ ಕಳಿಸುವುದು ವಿಮೆಯ ಲೆಕ್ಕಾಚಾರ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. 2016ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಬಂತು. 1.8 ಲೀಟರ್, 192 ಪಿಎಸ್. ಭಾರತಕ್ಕೆ ಮೀಸಲಿಟ್ಟಿದ್ದು 99 ಮಾತ್ರ. ಅದು ಮೂರು ಬಾಗಿಲಿನದು. ಆದ್ದರಿಂದ ಬಾಗಿಲು, ಬಾಗಿಲಿನ ಗಾಜು, ಹಿಂದಿನ ಪಕ್ಕದ ಗಾಜು ಯಾವುದೂ ನಮ್ಮ ಐದು ಬಾಗಿಲಿನ ಪೋಲೊದಿಂದ ಹೊಂದುವುದಿಲ್ಲ, ಹೊರಗಿನಿಂದಲೇ ತರಿಸಬೇಕು. ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಕಾರಿನ ಐಡಿವಿ, ಅಂದರೆ ವಿಮೆಯಲ್ಲಿ ಕಾರಿಗೆ ಕಟ್ಟುವ ಬೆಲೆ, ಮಾತ್ರ ವರ್ಷವರ್ಷ ಇಳಿಯುತ್ತದೆ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರು ‘ಟೋಟಲ್ ಲಾಸ್’, ಅಂದರೆ ಪೂರ್ತಿ ಹಾಳಾದ ಲೆಕ್ಕ. ಐಡಿವಿ 6 ಲಕ್ಷ ಎಂದುಕೊಳ್ಳಿ; ಖರ್ಚು ನಾಲ್ಕೂವರೆ ಲಕ್ಷ ಮೀರಿದರೆ ಎಂಜಿನ್ ಗಟ್ಟಿಯಾಗಿದ್ದರೂ ಕಾರಿನ ಕಥೆ ಮುಗಿಯಿತು. ಐದು ವರ್ಷ ದಾಟಿದ ಕಾರಿನ ಐಡಿವಿಯನ್ನು ಮಾಲೀಕರೂ ಕಂಪನಿಯೂ ಮಾತಾಡಿ ನಿಗದಿ ಮಾಡಿಕೊಳ್ಳಬಹುದು. ಹೆಚ್ಚಿನವರು ಕಡಿಮೆ ಪ್ರೀಮಿಯಂ ಆಸೆಗೆ ಜಾಸ್ತಿ ಐಡಿವಿ ಕೇಳುವುದೇ ಇಲ್ಲ. ದಯವಿಟ್ಟು ಕೇಳಿ. ಫೋಟೊ, ಸರ್ವಿಸ್ ದಾಖಲೆ, ಸಾಧ್ಯವಾದರೆ ಸರ್ವೇಯರ್ ಕೊಟ್ಟ ಬೆಲೆಪತ್ರ ಇಟ್ಟುಕೊಂಡು ಕೇಳಿ. ಪಾಲಿಸಿಯಲ್ಲಿ ಬರೀ ‘ಪೋಲೊ’ ಎಂದಿದ್ದರೆ ಪೂರ್ತಿ ವೇರಿಯಂಟ್ ಹೆಸರನ್ನೂ ಸಿಸಿಯನ್ನೂ ಬರೆಸಿ.

ಮಲೆನಾಡಿನ ಶೆಡ್ಡಿನಲ್ಲಿ ಇನ್ನೊಂದು ಅಪಾಯವಿದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೆ ತೇವ ಕಟ್ಟಿ ತುಕ್ಕು ಹಿಡಿಯುತ್ತದೆ. ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಜೂನ್‌ಗೆ ಮುಂಚೆ ಬಿಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ತಪ್ಪು. ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ, ಆಯಿಲ್ ಬಿಸಿಯಾಗುವುದಿಲ್ಲ. ಅರ್ಧ ಗಂಟೆ ಓಡಿಸಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಕಾರು ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಲಿ ಕಡಿದ ವೈರಿಂಗ್ ಹಾರ್ನೆಸ್‌ಗೆ (ಕಾರಿನ ತಂತಿಗಳ ಕಟ್ಟು) ಬದಲಿ ಸಿಗುವುದು ಬಹಳ ಕಷ್ಟ.

ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸುವವರು, ಅಂದರೆ ಅದರ ಸಾಫ್ಟ್‌ವೇರ್ ಬದಲಿಸುವವರು, ಮೊದಲು ಮೂಲ ಫೈಲ್ ತೆಗೆಸಿ ಎರಡು ಕಡೆ ಇಟ್ಟುಕೊಳ್ಳಿ. ಕಳಚಿದ ಮೂಲ ಬಂಪರ್, ಚಕ್ರ, ಸ್ಪ್ರಿಂಗ್‌ಗಳನ್ನು ಮಾರಬೇಡಿ. ಕಾರು ಕೈ ಬದಲಾದಾಗ ಅವೂ ಜೊತೆಗೇ ಹೋಗಲಿ. ಆರ್‌ಸಿಗೆ 15 ವರ್ಷವಾಗುವ ಮುಂಚಿನ 60 ದಿನಗಳಲ್ಲಿ ನೋಂದಣಿ ನವೀಕರಣಕ್ಕೆ ಫಾರಂ 25 ಕೊಡಬಹುದು. 2016ರಲ್ಲಿ ನೋಂದಣಿಯಾದ ಜಿಟಿಐಗಳಿಗೆ ಆ ಸರದಿ 2031ಕ್ಕೆ ಬರುತ್ತದೆ. ತಪಾಸಣೆಗೆ ಒಯ್ಯುವ ಮುಂಚೆ ಚಾಸಿ ನಂಬರ್ ತುಕ್ಕಿಲ್ಲದೆ ಓದುವಂತಿದೆಯೇ ನೋಡಿಕೊಳ್ಳಿ.