ನಮ್ಮನ್ನು ಕೇಳಿದವರು ಯಾರು?

ಎಲ್ಲರಿಗೂ ನಮಸ್ಕಾರ.

ಶಿರಸಿಯಲ್ಲಿ ನಿಂತು ಸರ್ಕಾರದ ಯೋಜನೆಗಳ ಬಗ್ಗೆ ಭಾಷಣ ಮಾಡುವುದು ಸ್ವಲ್ಪ ಧೈರ್ಯದ ಕೆಲಸ. ಇಲ್ಲಿ ಅಡಿಕೆ ವ್ಯಾಪಾರಕ್ಕೆ ಬಂದವರೂ ಒಂದು ಯೋಜನೆಯ ಲಾಭ ನಷ್ಟವನ್ನು ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಆದರೂ ಕರೆದಿದ್ದೀರಿ, ಮಾತಾಡುತ್ತೇನೆ. ಯೋಜನೆ ಮಾಡುವಾಗ ಜನರನ್ನು ಕೇಳುವುದಕ್ಕೂ ಅವರ ನೆಮ್ಮದಿಗೂ ಏನು ಸಂಬಂಧ ಅನ್ನುವುದು ಇವತ್ತಿನ ವಿಷಯ.

ಒಂದು ಊರಿನ ಜನ ನೆಮ್ಮದಿಯಿಂದ ಇದ್ದಾರಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಸಂಶೋಧಕರು ತುಂಬ ಸುಲಭದ ದಾರಿ ಹಿಡಿದಿದ್ದಾರೆ. ನೇರವಾಗಿ ಕೇಳುತ್ತಾರೆ. "ಒಂದು ಏಣಿ ಇದೆ ಅಂದುಕೊಳ್ಳಿ. ತುದಿಯಲ್ಲಿ 10, ಅಂದರೆ ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಬದುಕು. ಬುಡದಲ್ಲಿ 0. ಈಗ ಯಾವ ಮೆಟ್ಟಿಲ ಮೇಲೆ ಇದ್ದೀರಿ?" 2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿಯ ಪಟ್ಟಿ ಈ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. 2018ರಿಂದ ಫಿನ್ಲೆಂಡ್ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. 2025ರ ಪಟ್ಟಿಯಲ್ಲಿ ನಾವು 118ನೆಯವರು. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡನಿಗೆ ಈ ಪ್ರಶ್ನೆ ಕೇಳಿದರೆ "ಏಣಿ ಯಾಕೆ, ನಾನು ಮರದ ತುದಿಯಲ್ಲೇ ಇದ್ದೇನಲ್ಲ" ಅನ್ನಬಹುದು. ಅದನ್ನು 10 ಅಂತ ಬರೆದುಕೊಳ್ಳಬೇಕೋ ಬೇಡವೋ ನನಗೆ ಗೊತ್ತಿಲ್ಲ.

ತಮಾಷೆ ಬಿಡಿ. ಈ ಅಳತೆಯಲ್ಲಿ ತೊಂದರೆಗಳಿವೆ. 1983ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನರಿಗೆ ಫೋನ್ ಮಾಡಿ ಬದುಕಿನ ಬಗ್ಗೆ ಕೇಳಿದ್ದರು. ಬಿಸಿಲಿದ್ದ ದಿನ ಸಿಕ್ಕವರು ಬದುಕು ಚೆನ್ನಾಗಿದೆ ಅಂದರು. ಮಳೆಯ ದಿನ ಸಿಕ್ಕವರ ಅಂಕ ಕಡಿಮೆ. ಮೊದಲು "ನಿಮ್ಮಲ್ಲಿ ಹವಾಮಾನ ಹೇಗಿದೆ" ಅಂತ ಕೇಳಿ ಆಮೇಲೆ ಬದುಕಿನ ವಿಷಯಕ್ಕೆ ಬಂದರೆ ಈ ವ್ಯತ್ಯಾಸವೇ ಕಾಣಲಿಲ್ಲ. ನಂತರದ ದೊಡ್ಡ ಅಧ್ಯಯನಗಳಲ್ಲಿ ಮಳೆ ಬಿಸಿಲಿನ ಪರಿಣಾಮ ಅಷ್ಟಾಗಿ ಕಂಡಿಲ್ಲ. ನಮ್ಮ ಪುಣ್ಯ. ಇಲ್ಲದಿದ್ದರೆ ಆಷಾಢದಲ್ಲಿ ಕಾರವಾರದವರ ಅಂಕ ಏನಾಗುತ್ತಿತ್ತೋ.

ಹಣದ ಮಾತು ಬೇಗ ಮುಗಿಸುತ್ತೇನೆ. ಬಡವರಿಗೆ ಸ್ವಲ್ಪ ಹಣ ಬಂದರೂ ನೆಮ್ಮದಿ ಹೆಚ್ಚುತ್ತದೆ, ಅದರಲ್ಲಿ ಅನುಮಾನವಿಲ್ಲ. ಇಡೀ ದೇಶ ಶ್ರೀಮಂತವಾದರೆ ಎಲ್ಲರ ನೆಮ್ಮದಿ ಅಷ್ಟೇ ಏರುತ್ತದಾ ಅನ್ನುವ ಜಗಳವನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಶುರು ಮಾಡಿದರು. ಅದು ಇನ್ನೂ ನಡೆಯುತ್ತಿದೆ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಸ್ವಿಟ್ಜರ್ಲೆಂಡಿನ ಒಂದು ಅಧ್ಯಯನ. ಆ ದೇಶದಲ್ಲಿ 26 ಪ್ರಾಂತ್ಯಗಳಿವೆ. ಕೆಲವು ಕಡೆ ಒಂದು ಕಾನೂನು ಬೇಕೋ ಬೇಡವೋ, ಒಂದು ಖರ್ಚು ಮಾಡಬೇಕೋ ಬಿಡಬೇಕೋ ಅಂತ ಜನರೇ ಮತ ಹಾಕಿ ತೀರ್ಮಾನಿಸುವುದು ಸುಲಭ. ಕೆಲವು ಕಡೆ ಕಷ್ಟ. ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 6,000ಕ್ಕೂ ಹೆಚ್ಚು ಜನರ ಉತ್ತರಗಳನ್ನು ಇಟ್ಟುಕೊಂಡು 2000ದಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜನರಿಗೆ ತೀರ್ಮಾನದ ಹಕ್ಕು ಜಾಸ್ತಿ ಇರುವ ಕಡೆ ನೆಮ್ಮದಿಯ ಅಂಕವೂ ಜಾಸ್ತಿ ಇತ್ತು. ಅಲ್ಲಿ ಆಡಳಿತ ಚೆನ್ನಾಗಿರುತ್ತದೆ, ಅದಕ್ಕೇ ಜನ ಸುಖವಾಗಿದ್ದಾರೆ ಅನ್ನಬಹುದು. ಆದರೆ ಆ ಇಬ್ಬರು ಒಂದು ಜಾಣ ಹೋಲಿಕೆ ಮಾಡಿದರು. ಅದೇ ಊರಲ್ಲಿ ನೆಲೆಸಿರುವ ವಿದೇಶಿಯರನ್ನು ನೋಡಿದರು. ಅದೇ ರಸ್ತೆ, ಅದೇ ಶಾಲೆ, ಅದೇ ನಲ್ಲಿ ನೀರು. ಮತ ಮಾತ್ರ ಇಲ್ಲ. ಅವರಿಗೆ ಸಿಕ್ಕ ನೆಮ್ಮದಿಯ ಪಾಲು ಕಡಿಮೆ. ಒಳ್ಳೆಯ ಫಲ ಸಿಗುವುದು ಒಂದು, ಆ ತೀರ್ಮಾನದಲ್ಲಿ ನನ್ನದೂ ಒಂದು ಮಾತಿತ್ತು ಅನ್ನುವುದು ಇನ್ನೊಂದು ಅಂತ ಫ್ರೈ ಮತ್ತು ಸ್ಟುಟ್ಸರ್ ಅವರ ವಾದ.

ಇದನ್ನು ಎಲ್ಲರೂ ಒಪ್ಪಿಲ್ಲ. 2008ರಲ್ಲಿ ಬೇರೆ ಸಂಶೋಧಕರು ಭಾಷೆ, ಧರ್ಮ ಎಲ್ಲ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಈ ಸಂಬಂಧ ಗಟ್ಟಿಯಾಗಿ ನಿಲ್ಲಲಿಲ್ಲ. ಹಾಗಾಗಿ ಸ್ವಿಟ್ಜರ್ಲೆಂಡಿನ ಅಂಕಿಗಳನ್ನು ನಂಬಿ ಅಂತ ನಾನು ಹೇಳುವುದಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ಹಾಗಿದೆ.

ಬೇಡ್ತಿಯ ಕಥೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುವ ಯೋಜನೆ ಬಂದಾಗ ಮುಳುಗುವ ಪಟ್ಟಿಯಲ್ಲಿ ಕಾಡೂ ಇತ್ತು, ಅಡಿಕೆ ತೋಟಗಳೂ ಇದ್ದವು. ಬೆಳೆಗಾರರು ಬೀದಿಗೆ ಇಳಿದು ಕೂಗಿದ್ದಷ್ಟೇ ಆಗಿದ್ದರೆ ಅದು ನೂರರಲ್ಲಿ ಇನ್ನೊಂದು ಪ್ರತಿಭಟನೆ ಆಗುತ್ತಿತ್ತು. ಅವರು 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಇದೇ ಶಿರಸಿಗೆ ಕರೆಸಿದರು. ಸರ್ಕಾರದ ಲಾಭ ನಷ್ಟದ ಪಟ್ಟಿಯನ್ನೇ ಚರ್ಚೆಗೆ ಇಟ್ಟರು. ಅಡಿಕೆ ಬೆಳೆಗಾರರ ಸಹಕಾರಿ ಸಂಘ ಇದರ ಬೆನ್ನಿಗೆ ನಿಂತಿತ್ತು. ಕಾಡಿಗೆ, ತೋಟಕ್ಕೆ ಆಗುವ ನಷ್ಟವನ್ನು ಸರಿಯಾಗಿ ಹಿಡಿದರೆ ಯೋಜನೆ ಲಾಭದ್ದಲ್ಲ ಅನ್ನುವುದು ಅವರ ವಾದ. ಯೋಜನೆ ನಿಂತಿತು. ಭಾರತದಲ್ಲಿ ರೈತರೇ ಮುಂದಾಗಿ ಒಂದು ದೊಡ್ಡ ಯೋಜನೆಯ ಲೆಕ್ಕ ತಪಾಸಣೆ ಮಾಡಿಸಿದ ಉದಾಹರಣೆಗಳು ಬಹಳ ಇಲ್ಲ. ಇದನ್ನು ನಮ್ಮ ಬಿಎ ತರಗತಿಗಳಲ್ಲಿ ಪಾಠ ಮಾಡುವುದು ಬಿಟ್ಟು ಸ್ವಿಟ್ಜರ್ಲೆಂಡಿಗೆ ಯಾಕೆ ಹೋಗುತ್ತೇವೋ. ನಾನೂ ಈಗ ಹೋಗಿ ಬಂದೆ.

ಒಂದು ಮಾತು ಸೇರಿಸಬೇಕು. ಆ ಬೆಳೆಗಾರರಿಗೆ ಓದು ಇತ್ತು, ಸಂಘ ಇತ್ತು, ವಿಜ್ಞಾನಿಗಳಿಗೆ ಕಾಗದ ಬರೆದು ಕರೆಸುವ ಶಕ್ತಿ ಇತ್ತು. ಅವರನ್ನು ಯಾರೂ ಕೇಳಲಿಲ್ಲ. ಅವರೇ ಕೇಳಿಸುವ ಹಾಗೆ ಮಾಡಿದರು. ಎಲ್ಲರಿಗೂ ಅದು ಆಗುವ ಕೆಲಸವಾ?

ಘಟ್ಟ ಇಳಿದು ನೋಡಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕದಂಬ ಅನ್ನುವ ಹೆಸರಿನಲ್ಲಿ ಅದು 2005ರಲ್ಲಿ ಕೆಲಸ ಶುರು ಮಾಡಿತು. ನಡುವಿನ ವರ್ಷಗಳಲ್ಲಿ ಕಾರವಾರ, ಅಂಕೋಲಾ ಕಡೆಯ ಮೀನುಗಾರರು, ಗದ್ದೆ ಮಾಡುವವರು ಊರು ಬಿಟ್ಟರು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ದೇಶಕ್ಕೆ ನೌಕಾನೆಲೆ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ನಮ್ಮ ಅಳತೆಗಳು ಇಲ್ಲಿ ಸೋಲುತ್ತವೆ. ನಿರಾಶ್ರಿತರ ಮನೆಗೆ ಹೋದ ಸಮೀಕ್ಷೆಯವರು ಹೊಸ ಮನೆ ಇದೆಯಾ, ಶೌಚಾಲಯ ಇದೆಯಾ, ಆದಾಯ ಎಷ್ಟು ಅಂತ ಬರೆದುಕೊಳ್ಳುತ್ತಾರೆ. ಸಮುದ್ರಕ್ಕೆ ದಿನಾ ಇಳಿಯುತ್ತಿದ್ದವನಿಗೆ ಈಗ ದಡ ಎಷ್ಟು ದೂರ, ಜಾಗ ಆರಿಸುವಾಗ ಅವನನ್ನು ಯಾರಾದರೂ ಕೇಳಿದ್ದರಾ, ಇದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಕಾನೂನು ಬದಲಾಗಿದೆ ಅನ್ನುತ್ತೀರಿ. ನಿಜ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗೆ ಜಮೀನು ಬೇಕಿದ್ದರೆ ಶೇ. 80ರಷ್ಟು ಸಂತ್ರಸ್ತರ ಒಪ್ಪಿಗೆ ಬೇಕು. ಸರ್ಕಾರ ಮತ್ತು ಖಾಸಗಿಯವರ ಜಂಟಿ ಯೋಜನೆಗೆ ಶೇ. 70. ಸರ್ಕಾರ ತನಗಾಗಿಯೇ ಮಾಡುವ ಯೋಜನೆಗೆ? ಒಪ್ಪಿಗೆಯೇ ಬೇಡ. ನಮ್ಮ ಜಿಲ್ಲೆಯಲ್ಲಿ ಜಮೀನು ಹೋಗಿದ್ದು ಹೆಚ್ಚಾಗಿ ಯಾರ ಯೋಜನೆಗಳಿಗೆ ಅಂತ ನಿಮಗೇ ಗೊತ್ತು.

ಅರಣ್ಯ ಹಕ್ಕಿನ ವಿಷಯ ಇನ್ನೂ ವಿಚಿತ್ರ. 2006ರ ಕಾಯ್ದೆ ಗ್ರಾಮಸಭೆಯಿಂದಲೇ ಶುರುವಾಗುತ್ತದೆ. ಅರಣ್ಯ ಹಕ್ಕು ಸಮಿತಿ, ಅರ್ಜಿ, ಸ್ಥಳ ತನಿಖೆ, ಎಲ್ಲ ಊರಿನವರ ಕೈಯಲ್ಲಿ. ಓದಲು ಚೆಂದ. ಆದರೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಇದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಗೋವಾದ ಕುಣಬಿಗಳಿಗೂ ಅದೇ ವರ್ಷ ಸಿಕ್ಕಿತು. ಗಡಿಯ ಈಚೆ ಜೋಯಿಡಾದ ಕುಣಬಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಒಂದೇ ಕಾಡು, ಒಂದೇ ಮಳೆ, ಒಂದೇ ಸಮುದಾಯ, ದಾಖಲೆ ಬೇರೆ. ಗ್ರಾಮಸಭೆ ಹೌದು ಅಂದ ಅರ್ಜಿಗೂ ಮೇಲಿನ ಸಮಿತಿ ಇಲ್ಲ ಅನ್ನಬಹುದು. ಆಗ ಆ ಮನುಷ್ಯ ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲುತ್ತಾನೆ? ಕೇಳದೇ ಇದ್ದಾಗಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅಂತ ನನ್ನ ಊಹೆ. ಯಾರಾದರೂ ಅಧ್ಯಯನ ಮಾಡಿ ನನ್ನ ಊಹೆ ತಪ್ಪು ಅಂತ ತೋರಿಸಿದರೆ ಸಂತೋಷ.

ರಾಜಕೀಯದವರಿಗೆ ಇದರಿಂದ ಏನು? ಜಾರ್ಜ್ ವಾರ್ಡ್ ಅನ್ನುವ ಸಂಶೋಧಕ ಯುರೋಪಿನ ಸುಮಾರು ನಾಲ್ಕು ದಶಕಗಳ ಚುನಾವಣೆಗಳನ್ನು ನೋಡಿ 2020ರಲ್ಲಿ ಬರೆದಿದ್ದು ಇಷ್ಟು. ಆಳುವ ಪಕ್ಷಕ್ಕೆ ಎಷ್ಟು ಮತ ಬೀಳುತ್ತದೆ ಅನ್ನುವುದನ್ನು ಆರ್ಥಿಕ ಅಂಕಿಗಳಿಗಿಂತ ಜನರ ನೆಮ್ಮದಿಯ ಅಂಕ ಚೆನ್ನಾಗಿ ಹೇಳುತ್ತದೆ. ನಮ್ಮಲ್ಲೂ ಹಾಗೇನಾ ಅಂತ ಹೇಳುವುದು ಕಷ್ಟ. 1989ರಲ್ಲಿ ಶಿವರಾಮ ಕಾರಂತರು ಪರಿಸರದ ಮಾತು ಹಿಡಿದು ಇದೇ ಕ್ಷೇತ್ರದಲ್ಲಿ ಲೋಕಸಭೆಗೆ ನಿಂತರು, ಸೋತರು. 2000ದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ವಾಣಿಜ್ಯ ಉತ್ಪಾದನೆ ಶುರು ಮಾಡಿತು. 2022ರಲ್ಲಿ ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ, ಇಲ್ಲದಿದ್ದರೆ ಮತ ಇಲ್ಲ ಅಂತ ಹುಡುಗರು ಮೊಬೈಲಿನಲ್ಲಿ ಕೂಗೆಬ್ಬಿಸಿದರು. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಆಂಬುಲೆನ್ಸಿನಲ್ಲಿ ಅಲೆದವರ ಸಿಟ್ಟು ಅದು. ಸಿಟ್ಟು ಮತವಾಗುವಷ್ಟರಲ್ಲಿ ಜಾತಿ, ಪಕ್ಷ, ಗ್ಯಾರಂಟಿ ಎಲ್ಲ ನಡುವೆ ಬರುತ್ತವೆ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಕರಾವಳಿಯಲ್ಲಿ ಬಂದರು, ರಸ್ತೆ ಅಂತ ಒಂದಲ್ಲ ಒಂದು ಯೋಜನೆಗೆ ಪರಿಸರ ಅಹವಾಲು ಸಭೆ ಆಗುತ್ತಲೇ ಇರುತ್ತದೆ. ಕೇಂದ್ರದ 2006ರ ಪರಿಸರ ಅಧಿಸೂಚನೆ ಪ್ರಕಾರ 30 ದಿನ ಮೊದಲು ನೋಟಿಸ್ ಕೊಡಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಹೇಳುವ ಕರಡು ವರದಿಯ ಸಾರಾಂಶ ಕನ್ನಡದಲ್ಲಿರಬೇಕು. ಪೂರ್ತಿ ವರದಿ ಮಾತ್ರ ಸಾಮಾನ್ಯವಾಗಿ ದಪ್ಪ ಇಂಗ್ಲಿಷ್ ಪುಸ್ತಕ. ಇಷ್ಟು ಜನ ಬರಲೇಬೇಕು ಅನ್ನುವ ಕೋರಂ ಇಲ್ಲ. ಸಭೆಯ ವಿಡಿಯೋ ಆಗಬೇಕು, ನಡಾವಳಿ ಪಂಚಾಯಿತಿಯಲ್ಲಿ, ಡಿಸಿ ಕಚೇರಿಯಲ್ಲಿ ಸಿಗಬೇಕು. ಜನ ಎತ್ತಿದ ಆಕ್ಷೇಪಗಳಿಗೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು.

ಒಂದು ಸಭೆಗೆ ನೋಟ್‌ಬುಕ್ ಹಿಡಿದು ಹೋಗಿ. ಯಾರು ಎಷ್ಟು ಹೊತ್ತು ಮಾತಾಡಿದರು, ಹೆಂಗಸರಿಗೆ ಮೈಕ್ ಸಿಕ್ಕಿತಾ, ಕೊಂಕಣಿಯಲ್ಲಿ ಹೇಳಿದ್ದನ್ನು ಬರೆದುಕೊಂಡರಾ, ನೋಡಿ. ಆಮೇಲೆ ಕರಡು ವರದಿ ಮತ್ತು ಅಂತಿಮ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು, ಜನ ಹೇಳಿದ್ದರಿಂದ ಎಷ್ಟು ಪುಟ ಬದಲಾಗಿದೆ ಅಂತ ಎಣಿಸಿ. ಇಂಗ್ಲಿಷ್ ಕಷ್ಟವಾದರೆ ಇಬ್ಬರು ಕೂತು ಓದಿ. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಧಾರಾಳ ಸಾಕು.