ಬಸ್ಸಿನಲ್ಲಿ ಪಿನ್ನು ಚುಚ್ಚಿದ ಅಕ್ಕನ ಪರವಾಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಕೋರ್ಟಿನ ಹತ್ತಿರದ ಟೀ ಅಂಗಡಿಗಳಲ್ಲಿ ಎರಡು ವಾದ ಯಾವತ್ತೂ ನಿಲ್ಲುವುದಿಲ್ಲ. ಮೈಮೇಲೆ ಬಿದ್ದವನಿಗೆ ನಾಲ್ಕು ಬಿಟ್ಟರೆ ತಪ್ಪೇನು ಅನ್ನುವುದು ಒಂದು. ಸರ್ಕಾರ ಎಲ್ಲ ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡ್ತಿದೆ ಅನ್ನುವುದು ಇನ್ನೊಂದು. ಎರಡರಲ್ಲೂ ಕೊನೆಗೆ ಯಾರಾದರೂ ಒಬ್ಬರು ಯಾವುದೋ ಸಿನಿಮಾದ ಸೀನು ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ವಾದ ಮುಗಿಯುತ್ತದೆ.

ನಾನು ಈ ಜಿಲ್ಲೆಯಲ್ಲೇ ವಕೀಲಿ ಮಾಡಿಕೊಂಡು ಬಂದಿರುವುದರಿಂದ ನೇರವಾಗಿ ಹೇಳಿಬಿಡುತ್ತೇನೆ. ಸಿನಿಮಾ ನಮಗೆ ಈ ಎರಡು ವಿಷಯವನ್ನೂ ತಪ್ಪಾಗಿ ಕಲಿಸಿದೆ. ಸೇಡನ್ನು ರಕ್ಷಣೆ ಅಂತ ತೋರಿಸಿದೆ. ಹಕ್ಕನ್ನು ದಾನ ಅಂತ ತೋರಿಸಿದೆ.

2023ರ ಜುಲೈ ನೆನಪಿದೆ ಅಲ್ವಾ? ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಎಷ್ಟೋ ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದ ರೈತರು ಆ ತಿಂಗಳು ಟಾರ್ಚು, ದೊಣ್ಣೆ ಹಿಡಿದು ರಾತ್ರಿಯೆಲ್ಲ ತೋಟ ಕಾದರು. ಆಗ ನನ್ನ ಹತ್ತಿರ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಕಳ್ಳ ಸಿಕ್ಕಿದರೆ ಹೊಡೀಬಹುದಾ?

ಹೊಡೆಯಬಹುದು. ಇದನ್ನು ಕೇಳಿ ತುಂಬ ಜನಕ್ಕೆ ಆಶ್ಚರ್ಯವಾಗುತ್ತದೆ. ನಮ್ಮ ಕಾನೂನು ಕೈಕಟ್ಟಿ ನಿಂತು ಪೆಟ್ಟು ತಿನ್ನು ಅಂತ ಯಾವತ್ತೂ ಹೇಳಿಲ್ಲ. 1860ರ ದಂಡ ಸಂಹಿತೆ, ಅಂದರೆ ನಾವು ಐಪಿಸಿ ಅನ್ನುತ್ತಿದ್ದ ಕಾನೂನಿನಲ್ಲೇ 96ರಿಂದ 106ರವರೆಗಿನ ಕಲಂಗಳು ಈ ಹಕ್ಕಿಗಾಗಿ ಇದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ 34ರಿಂದ 44ರವರೆಗೆ ಹೆಚ್ಚುಕಡಿಮೆ ಅದೇ ಮಾತುಗಳಿವೆ. ನಿಮ್ಮ ಮೈ, ನಿಮ್ಮ ಮಾಲು, ಅಷ್ಟೇ ಅಲ್ಲ, ಗುರುತು ಪರಿಚಯ ಇಲ್ಲದ ಇನ್ನೊಬ್ಬರ ಮೈ, ಇನ್ನೊಬ್ಬರ ಮಾಲನ್ನೂ ಕಾಪಾಡುವ ಹಕ್ಕು ನಿಮಗಿದೆ.

ಆದರೆ ಅದಕ್ಕೆ ಅಳತೆ ಇದೆ. ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಪೆಟ್ಟು. ಪೊಲೀಸರನ್ನು ಕರೆಯುವಷ್ಟು ಸಮಯ ಇದ್ದರೆ ಆ ಹಕ್ಕು ಇಲ್ಲ. ಪ್ರಾಣ ತೆಗೆಯುವಷ್ಟು ದೂರ ಹೋಗಲು ಕಾನೂನು ಬಿಡುವುದು ಕೆಲವೇ ಸಂದರ್ಭಗಳಲ್ಲಿ. ಜೀವ ಹೋಗುತ್ತದೆ, ಭಾರೀ ಗಾಯ ಆಗುತ್ತದೆ ಅನ್ನುವ ನಿಜವಾದ ಭಯ ಇರಬೇಕು. ಅತ್ಯಾಚಾರಕ್ಕೆ ಬಂದಾಗ, ಹೊತ್ತೊಯ್ಯಲು ಬಂದಾಗಲೂ ಆ ಹಕ್ಕಿದೆ. ಆಸಿಡ್ ದಾಳಿಯನ್ನು 2013ರಲ್ಲಿ ಸೇರಿಸಿದರು. ಮಾಲಿನ ವಿಷಯಕ್ಕೆ ಬಂದರೆ ದರೋಡೆ, ರಾತ್ರಿ ಹೊತ್ತು ಮನೆಗೆ ಕನ್ನ, ಮನೆಗೆ ಬೆಂಕಿ ಇಡುವುದು, ಇಂಥವು. ಸುಮ್ನೆ ಎರಡು ಬಾಕ್ಸು ಟೊಮೆಟೊ ಕದಿಯಲು ಬಂದವನ ಜೀವ ತೆಗೆಯಲು ಕಾನೂನು ಬಿಡುವುದಿಲ್ಲ. ಅವನು ಮಚ್ಚು ಎತ್ತಿದರೆ ಮಾತು ಬೇರೆ.

ತೋಟದ ಸುತ್ತ ತಂತಿ ಎಳೆದು ಅದಕ್ಕೆ ಲೈನಿನಿಂದ ನೇರ ಕರೆಂಟು ಕೊಡುವವರು ಈ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಹಂದಿಗೆ ಅಂತ ಹಾಕುತ್ತೀರಿ, ಕಳ್ಳನಿಗೆ ಅಂತಲೂ ಹಾಕುತ್ತೀರಿ. ಆ ತಂತಿಗೆ ಅಳತೆ ಗೊತ್ತಿಲ್ಲ. ಕಳ್ಳ ಯಾರು, ಬೆಳಗಿನ ಜಾವ ನೀರು ಕಟ್ಟಲು ಬಂದ ಪಕ್ಕದ ಜಮೀನಿನ ಹುಡುಗ ಯಾರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎದುರಿಗೆ ಅಪಾಯವೇ ಇಲ್ಲದ ಹೊತ್ತಿನಲ್ಲಿ ಸಾವನ್ನು ಕಟ್ಟಿಟ್ಟು ಮನೆಗೆ ಹೋಗಿ ಮಲಗುವುದಕ್ಕೆ ಆತ್ಮರಕ್ಷಣೆ ಅನ್ನಲು ಆಗುವುದಿಲ್ಲ. ಅಂಥ ಕೇಸಿನಲ್ಲಿ ಜೈಲಿಗೆ ಹೋದ ರೈತನ ಹೆಂಡತಿ ಮಕ್ಕಳ ಮುಖ ನೋಡಿದವರು ಯಾರೂ ಆ ಕೆಲಸಕ್ಕೆ ಕೈ ಹಾಕಲಾರರು. ಸೋಲಾರ್ ಬೇಲಿಯ ದಾರಿ ಇದೆ. ಅದು ಬಿಟ್ಟು ಬಿಟ್ಟು ಚಿಕ್ಕ ಶಾಕ್ ಕೊಟ್ಟು ಓಡಿಸುತ್ತದೆ. ಅದನ್ನೂ ಸರಿಯಾದ ಯಂತ್ರ ಇಟ್ಟು, ಗೊತ್ತಿದ್ದವರ ಕೈಯಲ್ಲೇ ಹಾಕಿಸಬೇಕು.

ಇನ್ನೊಂದು ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಸಿಕ್ಕಿಬಿದ್ದವನನ್ನು ಲೈಟು ಕಂಬಕ್ಕೆ ಕಟ್ಟಿ ಊರೆಲ್ಲ ಸೇರಿ ಹೊಡೆಯುವುದು, ಯಾರೋ ಒಬ್ಬರು ಮೊಬೈಲು ಹಿಡಿದು ವಿಡಿಯೋ ಮಾಡುವುದು. ಕೈಕಾಲು ಕಟ್ಟಿಹಾಕಿದ ಮೇಲೆ ಅವನಿಂದ ಯಾರಿಗೆ ಏನು ಅಪಾಯ? ಹಗ್ಗದ ಗಂಟು ಬಿದ್ದ ಕ್ಷಣಕ್ಕೆ ನಿಮ್ಮ ಹಕ್ಕು ಮುಗಿಯಿತು. ಅಲ್ಲಿಂದಾಚೆ ಬಿದ್ದ ಒಂದೊಂದು ಏಟೂ ನಿಮ್ಮ ಮೇಲಿನ ಕೇಸು. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಜನ ಗುಂಪುಗೂಡಿದರು, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನ ಜೀವ ಹೋಯಿತು. ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತಲೇ ಆ ಜನ ನಂಬಿದ್ದರು.

ನಮ್ಮ ಮಂಡಿಯವರಿಗೆ ಸುಲಭವಾಗಿ ಅರ್ಥವಾಗುವ ಒಂದು ಸುಪ್ರೀಂ ಕೋರ್ಟ್ ತೀರ್ಪು ಇದೆ, 1974ರದ್ದು. ಉತ್ತರ ಪ್ರದೇಶದ ಬದಾಯೂಂ ಊರಿನ ತರಕಾರಿ ಮಾರುಕಟ್ಟೆ. ಬೆಳಗ್ಗೆ ಒಬ್ಬ ಕರಬೂಜದ ಬುಟ್ಟಿ ಕೊಳ್ಳಲು ಹೋದ. ಅದು ಬೇರೆಯವರಿಗೆ ಅಂತ ಆಗಿದೆ, ಕೊಡಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು. ಅವನು ಸಿಟ್ಟಿನಿಂದ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು, ಬಂದೂಕು ಸಮೇತ ವಾಪಸ್ ಬಂದ. ಗುಂಡು ಹಾರಿತು, ಮಾರುಕಟ್ಟೆಯ ಗುತ್ತಿಗೆದಾರ ಸತ್ತ. ನಮ್ಮ ಮೇಲೆ ಬಿದ್ದರು, ಅದಕ್ಕೇ ಹೊಡೆದೆವು ಅಂತ ವಾದ ಬಂತು. ಕೋರ್ಟು ಒಪ್ಪಲಿಲ್ಲ. ಇದು ರಕ್ಷಣೆಯ ಹಕ್ಕು, ಪ್ರತೀಕಾರದ ಹಕ್ಕಲ್ಲ ಅಂತ ಹೇಳಿತು. ಮನೆಗೆ ಹೋಗಿ ಆಯುಧ ತರುವಷ್ಟು ಪುರಸೊತ್ತು ಇದ್ದವನು ಯಾವ ಬಾಯಲ್ಲಿ ಆತ್ಮರಕ್ಷಣೆ ಅನ್ನಬೇಕು ಹೇಳಿ.

ಇದನ್ನು ನಮ್ಮ ನಾಟಕದ ಭಾಷೆಯಲ್ಲಿ ಹೇಳುತ್ತೇನೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅಂತ ನಮ್ಮ ಕಡೆಯ ನಂಬಿಕೆ. ಇನ್ನೊಬ್ಬರ ಮನೆ ಮಗನ ಬದಲು ತಾನು ಗಾಡಿ ಹೊಡೆದುಕೊಂಡು ಹೋದ ಭೀಮ. ಅಪಾಯ ಎದುರಿಗೇ ಇತ್ತು, ದೂರು ಕೊಡೋಣ ಅಂದರೆ ಕೇಳುವ ರಾಜ ಇರಲಿಲ್ಲ. ಇವತ್ತಿನ ಕಾನೂನಿನ ಪ್ರಕಾರವೂ ಅವನ ಪರ ಧೈರ್ಯವಾಗಿ ವಾದ ಮಾಡಬಹುದು. ಆದರೆ ಹಸ್ತಿನಾವತಿಯ ಸಭೆ ನೋಡಿ. ದುಶ್ಶಾಸನ ದ್ರೌಪದಿಯ ಸೀರೆಗೆ ಕೈ ಹಾಕಿದ ಆ ಕ್ಷಣ ಯಾರಾದರೂ ಒಬ್ಬರು ಎದ್ದು ಆ ಕೈ ಹಿಡಿದು ತಿರುಚಿದ್ದರೆ ಅದು ನಿಜವಾದ ರಕ್ಷಣೆ. ಗಂಡಂದಿರು ಎದ್ದು ಬಿಡಿಸಲಿಲ್ಲ, ಹಿರಿಯರೂ ಬಿಡಿಸಲಿಲ್ಲ. ಭೀಮ ಪ್ರತಿಜ್ಞೆ ಮಾಡಿದ. 13 ವರ್ಷ ಕಳೆದು, ಯುದ್ಧ ನಡೆದು, ಆಮೇಲೆ ದುರ್ಯೋಧನನ ತೊಡೆ ಮುರಿದ. ಅದು ಸೇಡು. ನಮ್ಮ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಪದ ಕಲಿತವರು ಬೆಳಗಿನ ಜಾವ ಆ ತೊಡೆ ಮುರಿಯುವಾಗ ಜನ ಎದ್ದು ಶಿಳ್ಳೆ ಹೊಡೆಯುತ್ತಾರೆ. ಆಕೆಗೆ ಬೇಕಾಗಿದ್ದು ಆ ಗದೆಯಲ್ಲ, ಸಭೆಯಲ್ಲಿ ಆ ಹೊತ್ತಿಗೆ ಒಂದು ಕೈ. ಕರಗ ಹೊರುವ ಕೋಲಾರ, ಮಾಲೂರಿನ ಜನ ನಾವು, ದ್ರೌಪದಮ್ಮನನ್ನು ದೇವರು ಅಂತ ಪೂಜೆ ಮಾಡುವವರು. ಈ ವ್ಯತ್ಯಾಸ ನಮಗೆ ಗೊತ್ತಿರಬೇಕು.

ಸಿನಿಮಾಗಳು ಹಿಡಿದಿರುವುದು ತೊಡೆ ಮುರಿಯುವ ಸೀನನ್ನೇ. ಇಂಟರ್ವಲ್‌ಗೆ ಮುಂಚೆ ಹೆಣ್ಣಿಗೆ ಅನ್ಯಾಯ, ಇಂಟರ್ವಲ್ ಆದಮೇಲೆ ಹೀರೋ ಕೈಯಲ್ಲಿ ಮಚ್ಚು. ಆ ಹೆಣ್ಣು ತಾನೇ ತನ್ನನ್ನು ಕಾಪಾಡಿಕೊಂಡದ್ದನ್ನು ಅಲ್ಲಿ ಕಾಣುವುದು ಅಪರೂಪ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಶ್ರೀನಿವಾಸಪುರದ ಕಡೆಯಿಂದ ಕೋಲಾರಕ್ಕೆ ಬರುವ ಬೆಳಗಿನ ಬಸ್ಸು, ಕಾಲಿಡಲು ಜಾಗ ಇಲ್ಲ. ಮಂಡಿಯಲ್ಲಿ ಹಣ್ಣು ಆರಿಸುವ ಕೂಲಿಗೆ ಬರುವ ಹೆಣ್ಣುಮಕ್ಕಳೇ ಜಾಸ್ತಿ. ನಡುವಯಸ್ಸಿನ ಒಬ್ಬ ಅಕ್ಕ ಊಟದ ಬುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಹಿಂದೆ ನಿಂತಿದ್ದವನು ಬ್ರೇಕ್ ಬಿದ್ದಾಗೆಲ್ಲ ಮೈಮೇಲೆ ಒರಗುತ್ತಿದ್ದ. ಬ್ರೇಕ್ ಇಲ್ಲದಾಗಲೂ ಒರಗಿದ. ಆಕೆ ತಿರುಗಿ ನೋಡಿದರು, ಸರಿದು ನಿಂತರು, ಅವನೂ ಸರಿದ. ಆಗ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಅವನ ಕೈಗೆ ಚುಚ್ಚಿಬಿಟ್ಟರು. ಒಂದೇ ಸಲ. ಅವನು ಕೂಗಿಕೊಂಡು ಹಿಂದಕ್ಕೆ ಹೋದ. ಆಕೆ ಪಿನ್ನನ್ನು ಮತ್ತೆ ಬಳೆಗೆ ಹಾಕಿಕೊಂಡರು.

ಅದು ಎಷ್ಟು ಸರಿಯಾದ ಅಳತೆ ನೋಡಿ. ಅಪಾಯ ಇದ್ದಾಗ, ಬೇಕಾದಷ್ಟೇ, ಅವನು ದೂರ ಹೋದ ತಕ್ಷಣ ನಿಲ್ಲಿಸಿದ್ದು. ಕಾನೂನಿನ ಪುಸ್ತಕ ಹೇಳುವುದನ್ನು ಆಕೆ ಪುಸ್ತಕ ಓದದೇ ಮಾಡಿದ್ದರು. ಆದರೆ ಬಸ್ಸಿನಲ್ಲಿ ಎದ್ದ ಮಾತು ಬೇರೆ. ಸೀಟಿನಲ್ಲಿ ಕೂತಿದ್ದ ಒಬ್ಬರು, "ಬಿಟ್ಟಿ ಬಸ್ಸಲ್ಲಿ ಬಂದು ಇಷ್ಟು ಜೋರಾ?" ಅಂದರು. ನಾಲ್ಕಾರು ಜನ ನಕ್ಕರು. ಆಕೆ ಏನು ಮಾಡಿದರು ಗೊತ್ತಾ? ಸೆರಗಿನ ಗಂಟು ಬಿಚ್ಚಿ, ಮಡಚಿಟ್ಟಿದ್ದ ಸೊನ್ನೆ ರೂಪಾಯಿ ಟಿಕೆಟ್ ತೆಗೆದು, "ಟಿಕೆಟ್ ಇದೆ ಅಣ್ಣ" ಅಂತ ತೋರಿಸಿದರು.

ನನ್ನ ಹೊಟ್ಟೆ ಉರಿದಿದ್ದು ಅಲ್ಲಿ. ಮೈಮೇಲೆ ಬಿದ್ದವನನ್ನು ಯಾರೂ ಕೇಳಲಿಲ್ಲ. ಆ ಬಸ್ಸಿನಲ್ಲಿ ನಿಲ್ಲುವುದಕ್ಕೆ ತನಗೆ ಹಕ್ಕಿದೆ ಅಂತ ಆಕೆಯೇ ತೋರಿಸಬೇಕಾಯಿತು.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ಆ ಸೊನ್ನೆ ಟಿಕೆಟ್ ಸುಮ್ನೆ ಹರಿದುಕೊಡುವ ಚೀಟಿ ಅಲ್ಲ. ಅದರ ಲೆಕ್ಕ ಇಟ್ಟು ಸರ್ಕಾರ ಸಾರಿಗೆ ನಿಗಮಗಳಿಗೆ ದುಡ್ಡು ಕೊಡಬೇಕು. ಆ ದುಡ್ಡು ಬಂದದ್ದು ತೆರಿಗೆಯಿಂದ. ಆ ಅಕ್ಕ ಸೋಪು ಕೊಂಡಾಗ, ಎಣ್ಣೆ ಕೊಂಡಾಗ, ಮೊಬೈಲಿಗೆ ಕರೆನ್ಸಿ ಹಾಕಿಸಿದಾಗ ತೆರಿಗೆ ಕಟ್ಟಿದ್ದಾರೆ. ರೇಷನ್ ಅಕ್ಕಿಯದ್ದೂ ಅಷ್ಟೇ. ಪಟ್ಟಿಯಲ್ಲಿರುವ ಆದ್ಯತಾ ಕುಟುಂಬದ ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆಜಿ ಧಾನ್ಯ ಕೊಡಬೇಕು ಅಂತ 2013ರ ಆಹಾರ ಭದ್ರತಾ ಕಾಯ್ದೆಯೇ ಹೇಳುತ್ತದೆ. ಅದು ಯಾವ ನಾಯಕನ ಜೇಬಿನದ್ದೂ ಅಲ್ಲ. ಸಿನಿಮಾದಲ್ಲಿ ಮಾತ್ರ ದೊಡ್ಡಮನೆಯ ಧಣಿ ಚೀಲ ಬಿಚ್ಚಿ ಹಂಚುತ್ತಾನೆ, ಜನ ಕೈಮುಗಿದು ನಿಲ್ಲುತ್ತಾರೆ. ಆ ಚಿತ್ರ ನಮ್ಮ ತಲೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಸರ್ಕಾರದ ಚೀಲದ ಮೇಲೆ ಫೋಟೋ ಇದ್ದರೂ ನಮಗೆ ತಪ್ಪು ಅನಿಸುವುದಿಲ್ಲ.

ಹಾಗೇ ನೋಡಿದರೆ ನಮ್ಮ ಸೀಮೆಯಲ್ಲಿ ಸರ್ಕಾರದ ದುಡ್ಡು ಮುಟ್ಟದ ಮನೆ ಯಾವುದಿದೆ? 10 ಹೆಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಡ್ರಿಪ್ ಪೈಪಿಗೆ ಸಬ್ಸಿಡಿ. 45 ಕೆಜಿ ಯೂರಿಯಾ ಮೂಟೆ ರೈತನಿಗೆ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಸರ್ಕಾರಕ್ಕೆ ಬೀಳುವ ಖರ್ಚು ಅದರ ಎಷ್ಟೋ ಪಟ್ಟು. ಡೇರಿಗೆ ಹಾಕುವ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. ಇವೆಲ್ಲ ಬೇಕು, ಇವಿಲ್ಲದೆ ಇಲ್ಲಿ ಒಕ್ಕಲುತನ ನಡೆಯುವುದಿಲ್ಲ. ಗಂಡಸಿನ ಹೆಸರಲ್ಲಿರುವ ಪಂಪ್‌ಸೆಟ್ಟಿನ ಕರೆಂಟನ್ನು ಯಾರೂ ಬಿಟ್ಟಿ ಅನ್ನುವುದಿಲ್ಲ, ಹೆಂಗಸಿನ ಕೈಯ ಟಿಕೆಟ್ಟಿಗೆ ಮಾತ್ರ ಆ ಹೆಸರು. ಇದು ನ್ಯಾಯ ಅಲ್ಲ.

ಸಬ್ಸಿಡಿಯನ್ನು ಪ್ರಶ್ನೆ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಬೇಕು. ಉಚಿತ ಕರೆಂಟಿನಿಂದ ನೀರೆತ್ತಿ ಎತ್ತಿ ಕೋಲಾರದ ಕೊಳವೆಬಾವಿಗಳು 1,000 ಅಡಿ ದಾಟಿ ಇಳಿದಿವೆ, ಇದು ನಾವೆಲ್ಲ ಕೂತು ಮಾತಾಡಬೇಕಾದ ವಿಷಯ. ಚುನಾವಣೆಯ ಭರವಸೆಗಳನ್ನೂ ಕೇಳಬೇಕು. ತಮಿಳುನಾಡಿನಲ್ಲಿ ಕಲರ್ ಟಿವಿ ಹಂಚಿದ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, 2013ರಲ್ಲಿ ಕೋರ್ಟು ಪ್ರಣಾಳಿಕೆಯ ಭರವಸೆ ಚುನಾವಣಾ ಭ್ರಷ್ಟಾಚಾರ ಆಗುವುದಿಲ್ಲ ಅಂತು, ಆದರೆ ಅದಕ್ಕೊಂದು ಮಾರ್ಗಸೂಚಿ ಮಾಡಿ ಅಂತ ಚುನಾವಣಾ ಆಯೋಗಕ್ಕೂ ಹೇಳಿತು. ಪ್ರಶ್ನೆ ಮಾಡುವ ಜಾಗ ಅದು. ಬಸ್ಸಿನಲ್ಲಿ ಬುತ್ತಿ ಹಿಡಿದು ನಿಂತ ಹೆಣ್ಣುಮಗಳಲ್ಲ.

ಕನ್ನಡ ಸಿನಿಮಾಕ್ಕೂ ಸರ್ಕಾರ ಸಹಾಯಧನ ಕೊಡುತ್ತದೆ, ದಶಕಗಳಿಂದ ಕೊಡುತ್ತಾ ಬಂದಿದೆ. ಕೊಡಲಿ, ನನಗೆ ಸಂತೋಷ. ಒಳ್ಳೆಯ ಎಷ್ಟೋ ಚಿತ್ರಗಳು ಆ ನೆರವಿನಿಂದ ಉಸಿರಾಡಿವೆ. ಆದರೆ ಹೊಸ ಸಿನಿಮಾ ಬಂದ ದಿನ ಕಟೌಟಿನ ಮೇಲೆ ಲೀಟರುಗಟ್ಟಲೆ ಹಾಲು ಸುರಿಯುವ ತಮ್ಮಂದಿರನ್ನು ನೋಡಿದರೆ ಸಂಕಟವಾಗುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಹಸುವಿನ ಕೆಚ್ಚಲು ತೊಳೆದು, ಕ್ಯಾನು ಹೊತ್ತು ಡೇರಿ ಮುಂದೆ ಸಾಲು ನಿಂತ ನಿಮ್ಮ ಅಮ್ಮನ ಹಾಲು ಅದು. ಅದಕ್ಕೆ ಸರ್ಕಾರ ಕೊಟ್ಟ 5 ರೂಪಾಯಿಯೂ ಎಲ್ಲರ ದುಡ್ಡು. ಇಷ್ಟದ ನಟನಿಗೆ ಚಪ್ಪಾಳೆ ತಟ್ಟಿ, ಸಾಕು.

ಕೊನೆಗೆ ಕೆಲಸಕ್ಕೆ ಬರುವ ನಾಲ್ಕು ಮಾತು. ನಿಮ್ಮನ್ನು ಕಾಪಾಡಿಕೊಳ್ಳಲು ಹೋಗಿ ಎದುರಿನವನಿಗೆ ಪೆಟ್ಟಾದರೆ ಊರು ಬಿಟ್ಟು ಓಡಬೇಡಿ. 112ಕ್ಕೆ ಫೋನು ಮಾಡಿ, ನೀವೇ ಮೊದಲು ಹೇಳಿ. ನಿಮ್ಮ ಮೈಮೇಲಿನ ಗಾಯ ಸಣ್ಣದಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಬಗ್ಗೆ ಡಾಕ್ಟರು ಬರೆದುಕೊಡುವ ಪತ್ರ, ಆಗಲಿ. ನಮ್ಮ ಕಡೆ ಕೇಸಿಗೆ ಕೌಂಟರ್ ಕೇಸು ಬೀಳುವುದು ಮಾಮೂಲು, ಆಗ ಆ ಕಾಗದವೇ ನಿಮ್ಮ ಪರ ಮಾತಾಡುತ್ತದೆ. ಆತ್ಮರಕ್ಷಣೆ ಅಂತ ತೋರಿಸುವ ಹೊಣೆ ನಿಮ್ಮದೇ. ಆದರೆ ಪೊಲೀಸರು ತಪ್ಪು ಸಾಬೀತು ಮಾಡುವಷ್ಟು ಗಟ್ಟಿಯಾಗಿ ನೀವು ಸಾಬೀತು ಮಾಡಬೇಕಿಲ್ಲ, ಹಾಗೆ ನಡೆದಿರುವುದೇ ಹೆಚ್ಚು ಸಂಭವ ಅಂತ ಕೋರ್ಟಿಗೆ ಕಂಡರೆ ಸಾಕು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇವರನ್ನೂ ಕಾಯ್ದೆ ಹೆಸರಿಸಿದ ಇನ್ನೂ ಕೆಲವರನ್ನೂ ಬಿಟ್ಟರೆ ಉಳಿದವರಿಗೆ ಆದಾಯದ ಮಿತಿ ಇದೆ. ಪ್ರತಿ ಜಿಲ್ಲೆಗೂ ಒಂದು ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲ್ಲೂಕಿಗೆ ಸಮಿತಿ ಇದೆ. ಫೋನ್ ನಂಬರು 15100. ಅಲ್ಲಿಗೆ ಹೋದಾಗ ಯಾರಾದರೂ ಬಿಟ್ಟಿ ವಕೀಲರು ಅಂದರೆ ತಲೆ ತಗ್ಗಿಸಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ.

ನಮಸ್ಕಾರ.