ಫಲಿತಾಂಶ ಪಟ್ಟಿಯ ಕೊನೆಯ ಸಾಲು: ‘ಹಿಂದುಳಿದ ಜಿಲ್ಲೆ’ ಎಂಬ ತಿಳಿವಳಿಕೆ ಎಲ್ಲಿಂದ ಬಂತು?

(ದೃಶ್ಯ: ಕಲಬುರಗಿ ಬಸ್ ನಿಲ್ದಾಣ, ಪತ್ರಿಕೆ ಮಾರುವ ಅಂಗಡಿ)

ನಮಸ್ಕಾರ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ಜಿಲ್ಲಾವಾರು ಪಟ್ಟಿಯನ್ನು ಕೆಳಗಿನಿಂದ ಓದುತ್ತೇವೆ. 2024ರಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, 2025ರಲ್ಲಿ ಕಲಬುರಗಿಗೆ. ಆಮೇಲೆ ಕಾರಣಗಳ ಚರ್ಚೆ ಶುರುವಾಗುತ್ತದೆ. ಶಿಕ್ಷಕರ ಹುದ್ದೆಗಳು ಖಾಲಿ ಇವೆ, ಕುಟುಂಬಗಳು ಗುಳೆ ಹೋಗುತ್ತವೆ ಎನ್ನುತ್ತಾರೆ ಕೆಲವರು. ಇಲ್ಲಿನ ಪೋಷಕರಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ ಎನ್ನುತ್ತಾರೆ ಇನ್ನು ಕೆಲವರು. ಅಂಕಿ ಒಂದೇ; ಹೊಣೆ ಹೊರುವವರು ಮಾತ್ರ ಬೇರೆ.

ಒಂದು ವಿಷಯದ ಬಗ್ಗೆ ಸಮಾಜದಲ್ಲಿ ನಡೆಯುವ ಮಾತು, ಬರಹ (ಸಂಕಥನ) ಎಲ್ಲರೂ ಒಪ್ಪುವ ತಿಳಿವಳಿಕೆಯಾಗುವುದು ಹೇಗೆ ಎಂದು ಹುಡುಕುವ ವಿಧಾನವೇ ‘ಜ್ಞಾನದ ಸಮಾಜಶಾಸ್ತ್ರದ ಸಂಕಥನ ವಿಶ್ಲೇಷಣೆ’. ಅದಕ್ಕೆ ಈ ಕವಲೇ ಮುಖ್ಯ. ಜನರು ಕೂಡಿ ಆಡುವ ಮಾತು, ನಡೆಸುವ ವ್ಯವಹಾರವೇ ಗಟ್ಟಿಯಾಗಿ ಪ್ರಶ್ನಾತೀತ ವಾಸ್ತವವಾಗುತ್ತದೆ ಎಂದು 1966ರಲ್ಲಿ ಸಮಾಜಶಾಸ್ತ್ರಜ್ಞರಾದ ಪೀಟರ್ ಬರ್ಗರ್ ಮತ್ತು ಥಾಮಸ್ ಲುಕ್‌ಮನ್ ವಿವರಿಸಿದರು. ಯಾವ ಮಾತು ಜ್ಞಾನವೆನಿಸುತ್ತದೆ, ಅದನ್ನಾಡುವ ಅಧಿಕಾರ ಯಾರಿಗಿದೆ ಎಂದು ಕೇಳಿದವರು ಫ್ರಾನ್ಸಿನ ಚಿಂತಕ ಮಿಶೆಲ್ ಫೂಕೋ. ಈ ಎರಡೂ ಬಗೆಯ ಚಿಂತನೆಯನ್ನು ಬೆಸೆದು ಸಂಶೋಧನಾ ವಿಧಾನವಾಗಿಸಿದವರು ಜರ್ಮನಿಯ ರೈನರ್ ಕೆಲ್ಲರ್.

(ದೃಶ್ಯ: ತಾಲ್ಲೂಕುಗಳ ನಕ್ಷೆ)

ನಮ್ಮ ನೆಲದಲ್ಲೇ ನೋಡೋಣ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಜನರ ಅಳಲಾಗಿದ್ದದ್ದು ಅಂದಿನಿಂದ ಕೋಷ್ಟಕವಾಯಿತು. ಕೋಷ್ಟಕವನ್ನು ತಳ್ಳಿಹಾಕುವುದು ಸುಲಭವಲ್ಲ; ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೇಳಿದ ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟಕ್ಕೆ ಅದು ಬಲವಾಯಿತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ, ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶ ಕೊಡುವ 371ಜೆ ವಿಧಿ ಬಂತು. ಇಂದು ಈ ಮೀಸಲಾತಿಯ ಕಾಲೇಜು ಸೀಟಿಗಾಗಿ ಹುಡುಗಿಯೊಬ್ಬಳು ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ತರುತ್ತಾಳೆ. ವರದಿ, ಕಾನೂನು, ಅರ್ಜಿಯ ಕಾಲಂ, ಕಚೇರಿಯ ಮೊಹರು: ಒಂದು ತಿಳಿವಳಿಕೆ ಬದುಕಿಗೆ ಇಳಿಯುವುದು ಹೀಗೆ. ಇಂಥ ಏರ್ಪಾಡನ್ನೂ ಸೇರಿಸಿಕೊಂಡೇ ವಿಶ್ಲೇಷಣೆ ನಡೆಯಬೇಕು ಎನ್ನುತ್ತಾರೆ ಕೆಲ್ಲರ್.

ಹಾಗಾದರೆ ಹಿಂದುಳಿದಿರುವಿಕೆ ಬರೀ ಮಾತೇ? ಖಂಡಿತ ಅಲ್ಲ. ಶಿಕ್ಷಕರಿಲ್ಲದ ತರಗತಿ ಯಾರ ಕಲ್ಪನೆಯೂ ಅಲ್ಲ. 371ಜೆ ನಮಗೆ ದಕ್ಕಬೇಕಾದ ಹಕ್ಕು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅದೇ ಅಂಕಿಗಳಿಂದ ಎರಡು ಕಥನ ಹೊರಡುತ್ತವೆ. ಹೋರಾಟಗಾರರದು ನಿರ್ಲಕ್ಷ್ಯದ ಕಥನ. ಅದರಲ್ಲಿ ನಾವು ಹಕ್ಕು ಕೇಳುವವರು. ಇನ್ನೊಂದು ಕೊರತೆಯ ಕಥನ; ಅದರಲ್ಲಿ ನಾವು ತಿದ್ದಿಸಿಕೊಳ್ಳಬೇಕಾದವರು. ಈ ಎರಡನೆಯದನ್ನು ನಮ್ಮ ಮಕ್ಕಳು ತಮ್ಮ ಬಗೆಗಿನ ಸತ್ಯವೆಂದೇ ನಂಬುವುದು ನನ್ನನ್ನು ಕಾಡುತ್ತದೆ.

(ದೃಶ್ಯ: ಪತ್ರಿಕೆಯ ಪುಟ, ಪೆನ್ಸಿಲ್ ಗುರುತು)

ಮುಂದಿನ ಫಲಿತಾಂಶದ ವಾರ ಪತ್ರಿಕೆಗಳನ್ನು ತೆಗೆದಿಡಿ. ಪ್ರತಿ ಸುದ್ದಿಯಲ್ಲೂ ಮಾತನಾಡಿದವರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಅವರು ಯಾವ ಕಾರಣ ಕೊಟ್ಟರು, ಯಾರನ್ನು ಹೊಣೆ ಮಾಡಿದರು ಎಂದು ಅಂಚಿನಲ್ಲಿ ಬರೆಯಿರಿ. ಸಚಿವರು, ಅಧಿಕಾರಿಗಳು, ತಜ್ಞರು ಸಿಗುತ್ತಾರೆ. ಪುಣೆಗೆ ಗುಳೆ ಹೋದ ತಾಯಿಯ ಒಂದು ಮಾತೂ ಸಿಗದಿದ್ದರೆ, ಆಕೆಗೆ ಮಗನ ಓದಿನಲ್ಲಿ ಆಸಕ್ತಿ ಇಲ್ಲವೆಂದು ಬರೆದವರಿಗೆ ಅದು ತಿಳಿದದ್ದು ಹೇಗೆ ಎಂದು ಕೇಳಿ.